ರೇಡಿಯೊಹೆಡ್: ಯಾವ ಆಲ್ಬಮ್ ಮೊದಲು, ಯಾವ ಆವೃತ್ತಿಗೆ ದುಡ್ಡು

ಇಂಗ್ಲೆಂಡಿನ ರಾಕ್ ಬ್ಯಾಂಡ್ ರೇಡಿಯೊಹೆಡ್ ಕೇಳಲು ಹೊರಟವರು ಬಹುತೇಕ ಎರಡರಲ್ಲಿ ಒಂದು ಕಡೆ ಸಿಕ್ಕಿಕೊಳ್ಳುತ್ತಾರೆ. ‘ಕ್ರೀಪ್’ ಹಾಡು ಇಷ್ಟವಾಯಿತೆಂದು ಅದಿರುವ ‘ಪಾಬ್ಲೋ ಹನಿ’ ಹಾಕುತ್ತಾರೆ. ಮಿಕ್ಕ ಹನ್ನೊಂದು ಹಾಡು ಮುಗಿಯುವಷ್ಟರಲ್ಲಿ ಈ ಬ್ಯಾಂಡನ್ನು ಜನ ಯಾಕಿಷ್ಟು ಹೊಗಳುತ್ತಾರೆ ಅನ್ನುವುದೇ ಅರ್ಥವಾಗುವುದಿಲ್ಲ. ಇಲ್ಲವೇ ಹಲವು ‘ಶ್ರೇಷ್ಠ ಆಲ್ಬಮ್’ ಪಟ್ಟಿಗಳಲ್ಲೂ ಮೇಲಿರುವ ‘ಕಿಡ್ ಎ’ಯಿಂದಲೇ ಶುರುಮಾಡುತ್ತಾರೆ, ಗಿಟಾರ್ ಎಲ್ಲಿ, ಪಲ್ಲವಿ ಎಲ್ಲಿ ಎಂದು ಹುಡುಕಿ ಹುಡುಕಿ ಮೂರನೇ ಹಾಡಿಗೆ ಎದ್ದುಬಿಡುತ್ತಾರೆ. ಯಾವುದನ್ನು ಯಾವುದರ ಮೇಲೆ ಕೇಳಬೇಕು ಅನ್ನುವುದು ಸರಿಹೋದರೆ ಎರಡೂ ತೊಂದರೆ ತಪ್ಪುತ್ತವೆ.

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿರುವ ಅಬಿಂಗ್ಡನ್ ಶಾಲೆಯಲ್ಲಿ 1985ರಲ್ಲಿ ‘ಆನ್ ಎ ಫ್ರೈಡೇ’ ಎಂಬ ಹೆಸರಲ್ಲಿ ಶುರುವಾದ ತಂಡ ಇದು. ಹಾಡುವ ಥಾಮ್ ಯಾರ್ಕ್, ಗಿಟಾರಿನ ಜಾನಿ ಗ್ರೀನ್‌ವುಡ್, ಬೇಸ್ ನುಡಿಸುವ ಜಾನಿಯ ಅಣ್ಣ ಕಾಲಿನ್, ಇನ್ನೊಬ್ಬ ಗಿಟಾರ್ ವಾದಕ ಎಡ್ ಒಬ್ರಯನ್, ಡ್ರಮ್ಮರ್ ಫಿಲಿಪ್ ಸೆಲ್ವೇ. 1991ರಲ್ಲಿ ಇಎಂಐ ಎಂಬ ರೆಕಾರ್ಡ್ ಕಂಪನಿ ಜೊತೆ ಒಪ್ಪಂದವಾಯಿತು. ಅಲ್ಲಿಂದ 1993ರ ‘ಪಾಬ್ಲೋ ಹನಿ’ಯಿಂದ 2016ರ ‘ಎ ಮೂನ್ ಶೇಪ್ಡ್ ಪೂಲ್’ವರೆಗೆ ಒಂಬತ್ತು ಸ್ಟುಡಿಯೊ ಆಲ್ಬಮ್, ಎಲ್ಲದರಲ್ಲೂ ಇವೇ ಐದು ಜನ. ಒಂಬತ್ತನ್ನೂ ಸಾಲಾಗಿ ಹಾಕಿದರೆ ಸುಮಾರು ಏಳು ಗಂಟೆ. ಒಂದು ಭಾನುವಾರಕ್ಕೆ ಮುಗಿಯುವ ಲೆಕ್ಕ, ಆದರೆ ಹಾಗೆ ಕೇಳಬೇಡಿ.

ನಮ್ಮ ಸಲಹೆ ಮೊದಲೇ ಹೇಳಿಬಿಡುತ್ತೇವೆ. ಹೊಸಬರಿಗೆ ಬಾಗಿಲು 2007ರ ‘ಇನ್ ರೇನ್‌ಬೋಸ್’. ಎಪ್ಪತ್ತರ ದಶಕದ ದೀರ್ಘ ರಾಕ್ ಕೇಳಿ ಬೆಳೆದವರಿಗೆ ಮಾತ್ರ 1997ರ ‘ಓಕೆ ಕಂಪ್ಯೂಟರ್’. ಆವೃತ್ತಿಗಳ ವಿಷಯದಲ್ಲಿ ಸಾಮಾನ್ಯ ಸಿಡಿ ಅಥವಾ ಸ್ಟ್ರೀಮಿಂಗ್ ಸಾಕು. ಹೆಚ್ಚಿನ ದುಡ್ಡಿಗೆ ನಿಜವಾಗಿ ಬೆಲೆ ಸಿಗುವುದು ಬೆರಳೆಣಿಕೆಯ ಕಡೆ. ಅವು ಯಾವುವು, ಯಾಕೆ ಅನ್ನುವುದು ಮುಂದಿದೆ.

ಕೇಳುವ ಮುಂಚೆ ಫೋನಿನಲ್ಲಿ ಮಾಡಬೇಕಾದ್ದು

ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯನ್ನು ಮುಂದಿನದರ ಶುರುವಿಗೆ ಬೆರೆಸುವುದು) ಆಫ್ ಮಾಡಿ, ಗ್ಯಾಪ್‌ಲೆಸ್ (ಹಾಡುಗಳ ನಡುವೆ ಬಿಡುವಿಲ್ಲದೆ ನುಡಿಸುವುದು) ಆನ್ ಮಾಡಿ, ಹಾಡಿನ ಕ್ರಮ ಕಲಸುವ ಶಫಲ್ ತೆಗೆಯಿರಿ. ಇದು ಶಾಸ್ತ್ರಕ್ಕೆ ಹೇಳುವ ಮಾತಲ್ಲ. ‘ಕಿಡ್ ಎ’ಯಲ್ಲಿ ‘ಆಪ್ಟಿಮಿಸ್ಟಿಕ್’ ಮುಗಿಯದೆ ‘ಇನ್ ಲಿಂಬೊ’ ಒಳಗೆ ಸರಿದುಹೋಗುತ್ತದೆ, ‘ಇಡಿಯೊಟೆಕ್’ ಹಾಗೆಯೇ ‘ಮಾರ್ನಿಂಗ್ ಬೆಲ್’ಗೆ ಕೊಂಡಿ ಹಾಕುತ್ತದೆ. ಗ್ಯಾಪ್‌ಲೆಸ್ ಇಲ್ಲದ ಪ್ಲೇಯರ್‌ನಲ್ಲಿ ಆ ಜಾಗದಲ್ಲಿ ಒಂದು ಚಿಕ್ಕ ಕಡಿತ ಕೇಳುತ್ತದೆ. ಐದು ಸೆಕೆಂಡಿನ ಕ್ರಾಸ್‌ಫೇಡ್ ಇದ್ದರೆ ಎರಡು ಹಾಡೂ ಕಲಸಿಹೋಗುತ್ತವೆ. ಶ್ರವಣ ಸೌಲಭ್ಯದ ಸೆಟ್ಟಿಂಗ್ಸ್‌ನಲ್ಲಿ ಎಡ ಬಲದ ದನಿಗಳನ್ನು ಒಂದಾಗಿಸುವ ಮೋನೊ ಆನ್ ಆಗಿದೆಯೇ ಅದನ್ನೂ ನೋಡಿ, ಆಗಿದ್ದರೆ ಆಫ್ ಮಾಡಿ. ಫೋನಿನ ಪುಟ್ಟ ಸ್ಪೀಕರ್‌ನಲ್ಲಿ ಮಾತ್ರ ಕೇಳಬೇಡಿ: ‘ದ ನ್ಯಾಷನಲ್ ಆಂಥಮ್’ ನಿಂತಿರುವುದೇ ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುವ ಬೇಸ್ ಗಿಟಾರ್ ಮೇಲೆ, ಆ ಸ್ಪೀಕರ್‌ಗೆ ಅಷ್ಟು ಕೆಳಗಿನ ದನಿ ಹೊರಡಿಸಲು ಬರುವುದೇ ಇಲ್ಲ. ಸಾಧಾರಣ ಬೆಲೆಯ ತಂತಿಯ ಇಯರ್‌ಫೋನ್ ಸಾಕು.

‘ಇನ್ ರೇನ್‌ಬೋಸ್’ ಮತ್ತು ‘ಓಕೆ ಕಂಪ್ಯೂಟರ್’

‘ಇನ್ ರೇನ್‌ಬೋಸ್’ 10 ಹಾಡು, 42 ನಿಮಿಷ 39 ಸೆಕೆಂಡ್. ಬ್ಯಾಂಡ್ ಅಷ್ಟು ಹೊತ್ತಿಗೆ ಕಲಿತದ್ದೆಲ್ಲ ಇದರಲ್ಲಿದೆ, ಆದರೆ ಯಾವುದೂ ಎದೆಗೆ ಒತ್ತಿ ತೋರಿಸುವಂತಿಲ್ಲ. ಮೊದಲ ಹಾಡು ‘15 ಸ್ಟೆಪ್’ ಐದರ ಎಣಿಕೆಯಲ್ಲಿದೆ. ಖಂಡ ಛಾಪು ಪರಿಚಯವಿರುವ ಕಿವಿ ತಡವರಿಸದೆ ಹಿಡಿಯುತ್ತದೆ. ಯಂತ್ರದ ತಾಳದಲ್ಲಿ ಹೊರಟ ಹಾಡಿಗೆ ಸುಮಾರು 40 ಸೆಕೆಂಡಿನ ಹೊತ್ತಿಗೆ ನಯವಾದ ಗಿಟಾರ್ ಬಂದು ಸೇರುತ್ತದೆ. ಎಲೆಕ್ಟ್ರಾನಿಕ್ಸ್ ಮತ್ತು ಗಿಟಾರ್ ಎರಡೂ ಈ ಬ್ಯಾಂಡಿನಲ್ಲಿ ಹೇಗೆ ಒಟ್ಟಿಗೆ ಬಾಳುತ್ತವೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ‘ನ್ಯೂಡ್’ ತೊಂಬತ್ತರ ದಶಕದ ಕೊನೆಯಿಂದ ವೇದಿಕೆಯಲ್ಲಿ ಹಾಡುತ್ತಿದ್ದ ಹಾಡು, ಸರಿಯಾದ ರೂಪ ಸಿಗಲು ಸುಮಾರು ಹತ್ತು ವರ್ಷ ಕಾಯಿತು. ‘ರೆಕನರ್’ನಲ್ಲಿ ಯಾರ್ಕ್ ಮೇಲು ದನಿಯಲ್ಲಿ ಹಾಡುವಾಗ ಹಿಂದೆ ಗಲಗಲ ಅನ್ನುವ ತಾಳವಾದ್ಯಗಳ ದಟ್ಟಣೆಯನ್ನು ಗಮನಿಸಿ. ನಡುವೆ ಅದೆಲ್ಲ ನಿಂತು ದನಿಗಳು, ತಂತಿವಾದ್ಯಗಳು ಮಾತ್ರ ಉಳಿಯುತ್ತವೆ, ಮತ್ತೆ ತಾಳ ಮರಳುತ್ತದೆ. ಇಡೀ ಆಲ್ಬಮ್‌ನಲ್ಲಿ ನಮಗೆ ಅತಿ ಪ್ರಿಯವಾದ ಜಾಗ ಅದು.

‘ಓಕೆ ಕಂಪ್ಯೂಟರ್’ ಇದಕ್ಕಿಂತ ಭಾರ: 12 ಹಾಡು, 53 ನಿಮಿಷ. ಡಿಡ್‌ಕಾಟ್ ಹತ್ತಿರ ಬ್ಯಾಂಡ್ ತಾನೇ ಸ್ಟುಡಿಯೊ ಮಾಡಿಕೊಂಡಿದ್ದ ಒಂದು ಶೆಡ್‌ನಲ್ಲಿ ಶುರುವಾಗಿ, ಬಾತ್ ಊರಿನ ಬಳಿಯ ಸೇಂಟ್ ಕ್ಯಾಥರೀನ್ಸ್ ಕೋರ್ಟ್ ಎಂಬ ಹಳೆಯ ದೊಡ್ಡ ಮನೆಯಲ್ಲಿ ಮುಂದುವರಿದ ಧ್ವನಿಮುದ್ರಣ ಇದು. ‘ಎಕ್ಸಿಟ್ ಮ್ಯೂಸಿಕ್’ನ ದನಿಗೆ ಸುತ್ತುವ ಅನುರಣನ ಆ ಮನೆಯ ಕಲ್ಲಿನ ಮೆಟ್ಟಿಲಸಾಲಿನದ್ದು. ‘ಪ್ಯಾರನಾಯ್ಡ್ ಆಂಡ್ರಾಯ್ಡ್’ 6 ನಿಮಿಷ 23 ಸೆಕೆಂಡಿನಲ್ಲಿ ಹಲವು ಭಾಗಗಳಾಗಿ ತಿರುಗುತ್ತದೆ. ‘ಕ್ಲೈಂಬಿಂಗ್ ಅಪ್ ದ ವಾಲ್ಸ್’ ಕೊನೆಗೆ ಕೇಳುವ ಕಿರುಚು 16 ತಂತಿವಾದ್ಯಗಳದ್ದು, ಒಂದಕ್ಕೊಂದು ಕಾಲು ಸ್ವರದಷ್ಟು ಅಂತರ ಬಿಟ್ಟು ನುಡಿಸಿದ್ದು. ರಾತ್ರಿ ದೀಪ ಆರಿಸಿ ಹೆಡ್‌ಫೋನ್‌ನಲ್ಲಿ ಕೇಳಿದರೆ ಮೈ ಜುಮ್ ಅನ್ನುತ್ತದೆ. ನಡುವಿನ ‘ಫಿಟರ್ ಹ್ಯಾಪಿಯರ್’ ಮ್ಯಾಕಿಂಟಾಷ್ ಕಂಪ್ಯೂಟರ್ ದನಿ ಓದುವ ಎರಡು ನಿಮಿಷದ ತುಣುಕು. ಅದನ್ನು ದಾಟಿಸಿ ಮುಂದೆ ಹೋಗುವವರೇ ಹೆಚ್ಚು. ಹೋಗಬೇಡಿ, ಅದರ ತಣ್ಣಗಿನ ದನಿ ಕೇಳಿದ ಮೇಲೆಯೇ ಮುಂದಿನ ‘ಎಲೆಕ್ಷನೀರಿಂಗ್’ನ ಗಿಟಾರ್ ಕಿವಿಗೆ ಅಪ್ಪಳಿಸುತ್ತದೆ.

ಬಸ್ಸಿನಲ್ಲಿ, ಕೆಲಸದ ನಡುವೆ ಕೇಳುವವರಿಗೆ ‘ಇನ್ ರೇನ್‌ಬೋಸ್’. ಒಂದು ಗಂಟೆ ಬಾಗಿಲು ಹಾಕಿಕೊಂಡು ಕೂರಬಲ್ಲವರಿಗೆ ‘ಓಕೆ ಕಂಪ್ಯೂಟರ್’. ಮೆದು ದನಿಯ ಜಾಗಗಳು ಅದರಲ್ಲಿ ಬಹಳ, ಗದ್ದಲದಲ್ಲಿ ಅವು ಕಳೆದುಹೋಗುತ್ತವೆ.

ಮೊದಲ ಎರಡು

‘ಪಾಬ್ಲೋ ಹನಿ’ ಮತ್ತು ‘ದ ಬೆಂಡ್ಸ್’ ನಡುವೆ ಆಯ್ಕೆ ಮಾಡಬೇಕಾದರೆ ಹೆಚ್ಚು ಯೋಚಿಸುವುದು ಬೇಡ, 1995ರ ‘ದ ಬೆಂಡ್ಸ್’. ಜಾನ್ ಲೆಕಿ ನಿರ್ಮಾಣ, ಎಂಜಿನಿಯರ್ ಆಗಿ ನೈಜೆಲ್ ಗಾಡ್ರಿಚ್. ‘ಓಕೆ ಕಂಪ್ಯೂಟರ್’ನಿಂದ ಮುಂದಿನ ಎಲ್ಲ ಆಲ್ಬಮ್‌ಗಳ ಹಿಂದೆಯೂ ಇರುವ ಕಿವಿ ಅವರದ್ದೇ. ‘ಫೇಕ್ ಪ್ಲಾಸ್ಟಿಕ್ ಟ್ರೀಸ್’, ‘ಜಸ್ಟ್’, ‘ಸ್ಟ್ರೀಟ್ ಸ್ಪಿರಿಟ್’ ಮೂರು ಹಾಡೇ ಸಾಕು. ‘ಮೈ ಐರನ್ ಲಂಗ್’ನಲ್ಲಿ ಕೇಳುವ ವಾದ್ಯಗಳೆಲ್ಲ 1994ರ ಮೇ ತಿಂಗಳಲ್ಲಿ ಲಂಡನ್ನಿನ ಅಸ್ಟೋರಿಯಾ ವೇದಿಕೆಯಲ್ಲಿ ನುಡಿಸಿದವು; ಹಾಡಿದ್ದನ್ನು ಮಾತ್ರ ಆಮೇಲೆ ಹೊಸದಾಗಿ ಸೇರಿಸಿದ್ದಾರೆ.

‘ಪಾಬ್ಲೋ ಹನಿ’ ಒಂಬತ್ತರಲ್ಲಿ ಕೊನೆಗೆ ಕೇಳಬೇಕಾದ್ದು. ಅದರಿಂದ ‘ಯು’, ‘ಕ್ರೀಪ್’, ‘ಬ್ಲೋ ಔಟ್’ ತೆಗೆದಿಟ್ಟುಕೊಳ್ಳಿ. ‘ಕ್ರೀಪ್’ ಖರೀದಿಸುವಾಗ ಒಂದು ಎಚ್ಚರ: ಬೈಗುಳದ ಪದ ತೆಗೆದು ರೇಡಿಯೊಗೆಂದು ಮಾಡಿದ ರೂಪವೂ ಓಡಾಡುತ್ತಿದೆ, ಕೆಲವು ಸಂಕಲನಗಳಲ್ಲಿ ಅದೇ ಬಂದುಬಿಡುತ್ತದೆ. ‘ಕ್ರೀಪ್’ನ ಅಕೌಸ್ಟಿಕ್ ರೂಪ ಬೇಕೆಂದರೆ 1994ರ ‘ಮೈ ಐರನ್ ಲಂಗ್’ ಇಪಿಯ (ಆಲ್ಬಮ್‌ಗಿಂತ ಚಿಕ್ಕ ಡಿಸ್ಕ್) ಎಂಟು ಹಾಡುಗಳಲ್ಲಿ ಕೊನೆಯದು. ಆ ಇಪಿಯಲ್ಲಿ ‘ದ ಟ್ರಿಕ್‌ಸ್ಟರ್’, ‘ಪರ್ಮನೆಂಟ್ ಡೇಲೈಟ್’ ಕೂಡ ಇವೆ. ನಮ್ಮ ಮಟ್ಟಿಗೆ ಇಡೀ ‘ಪಾಬ್ಲೋ ಹನಿ’ಗಿಂತ ಈ ಇಪಿ ಮೇಲು.

‘ಕಿಡ್ ಎ’, ‘ಅಮ್ನೀಸಿಯಾಕ್’, ಮೂರು ಡಿಸ್ಕಿನ ‘ಕಿಡ್ ಎ ಮ್ನೀಸಿಯಾ’

ಹೆಚ್ಚು ಜನ ಗೊಂದಲಪಡುವ ಜಾಗ ಇದು, ಅದಕ್ಕೆ ಸ್ವಲ್ಪ ಹೊತ್ತು ನಿಲ್ಲೋಣ. 2000ದ ಅಕ್ಟೋಬರ್‌ನಲ್ಲಿ ‘ಕಿಡ್ ಎ’, 2001ರ ಜೂನ್‌ನಲ್ಲಿ ‘ಅಮ್ನೀಸಿಯಾಕ್’ ಬಂದವು. ಎರಡೂ ಒಂದೇ ಅವಧಿಯ ಧ್ವನಿಮುದ್ರಣಗಳಿಂದ ಆರಿಸಿದವು. ಹಾಗೆಂದು ‘ಅಮ್ನೀಸಿಯಾಕ್’ ಉಳಿಕೆಗಳ ಗಂಟಲ್ಲ. ‘ಕಿಡ್ ಎ’ ಒಂದೇ ಎಳೆಯಲ್ಲಿ ಹರಿಯುವಂತೆ ಜೋಡಿಸಿದ ಆಲ್ಬಮ್. ‘ಅಮ್ನೀಸಿಯಾಕ್’ನಲ್ಲಿ ಪ್ರತಿ ಹಾಡೂ ತನ್ನ ಪಾಡಿಗೆ ನಿಂತಿದೆ.

‘ಕಿಡ್ ಎ’ ತೆರೆಯುವುದೇ ‘ಎವ್ರಿಥಿಂಗ್ ಇನ್ ಇಟ್ಸ್ ರೈಟ್ ಪ್ಲೇಸ್’ನ ಪ್ರಾಫೆಟ್-5 ಸಿಂಥಸೈಜರ್‌ನಿಂದ. ಯಾರ್ಕ್ ಅವರ ದನಿಯನ್ನು ತುಂಡು ತುಂಡಾಗಿ ಕತ್ತರಿಸಿ, ತಿರುಚಿ, ಮುಖ್ಯ ಹಾಡಿಕೆಯ ಸುತ್ತ ಹರಡಿದ್ದಾರೆ. ಹೆಡ್‌ಫೋನ್ ಹಾಕಿಕೊಂಡು ಮೊದಲ ಒಂದು ನಿಮಿಷ ಕೇಳಿ: ಆ ತುಂಡುಗಳು ಎಡಕ್ಕೊಂದು ಬಲಕ್ಕೊಂದು ಚಿಮ್ಮುವುದು ಗೊತ್ತಾಗುತ್ತದೆ, ಮೋನೊದಲ್ಲಿ ಅವು ನಡುವೆಯೇ ಗುಂಪಾಗಿ ಬಿದ್ದಿರುತ್ತವೆ. ‘ಹೌ ಟು ಡಿಸಪಿಯರ್ ಕಂಪ್ಲೀಟ್ಲಿ’ಯ ತಂತಿವಾದ್ಯ ಆರ್ಕೆಸ್ಟ್ರಾ ಆಫ್ ಸೇಂಟ್ ಜಾನ್ಸ್‌ನದ್ದು, ಮುದ್ರಿಸಿದ್ದು ಆಕ್ಸ್‌ಫರ್ಡ್‌ಶೈರ್‌ನ ಡಾರ್ಚೆಸ್ಟರ್ ಅಬಿ ಎಂಬ ಚರ್ಚಿನಲ್ಲಿ. ಅದರ ಮೇಲೆ ತೇಲುವುದು ಒಂಡ್ ಮಾರ್ತೆನೊ ಎಂಬ ಹಳೆಯ ಫ್ರೆಂಚ್ ವಿದ್ಯುತ್ ವಾದ್ಯ, ಜಾನಿ ಗ್ರೀನ್‌ವುಡ್ ನುಡಿಸಿದ್ದು. ‘ಇಡಿಯೊಟೆಕ್’ನಲ್ಲಿ ಸುತ್ತುತ್ತಲೇ ಇರುವ ನಾಲ್ಕು ಸ್ವರಮೇಳಗಳು ಅಮೆರಿಕದ ಸಂಯೋಜಕ ಪಾಲ್ ಲಾನ್ಸ್ಕಿ 1973ರಲ್ಲಿ ಕಂಪ್ಯೂಟರ್‌ನಲ್ಲಿ ಮಾಡಿದ ಕೃತಿಯೊಂದರಿಂದ ಎತ್ತಿಕೊಂಡದ್ದು. ಆಲ್ಬಮ್‌ನಿಂದ ಒಂದು ಸಿಂಗಲ್ (ಒಂದು ಹಾಡನ್ನು ಮುಂದಿಟ್ಟು ಬೇರೆಯಾಗಿ ತರುವ ಡಿಸ್ಕ್) ಕೂಡ ಹೊರಬರಲಿಲ್ಲ, ಆದರೂ ಅಮೆರಿಕದ ಪಟ್ಟಿಯಲ್ಲಿ ಮೊದಲ ವಾರವೇ ಒಂದನೇ ಸ್ಥಾನ.

ಕೊನೆಯ ‘ಮೋಷನ್ ಪಿಕ್ಚರ್ ಸೌಂಡ್‌ಟ್ರ್ಯಾಕ್’ ಹಳೆಯ ಸಿಡಿಯಲ್ಲಿ ಸುಮಾರು ಏಳು ನಿಮಿಷ ತೋರಿಸುತ್ತದೆ. ಹಾಡು ಮೂರೂವರೆ ನಿಮಿಷದೊಳಗೇ ಮುಗಿದು ಮೌನ ಬರುತ್ತದೆ. ಆಮೇಲೆ ಹೆಸರಿಲ್ಲದ ಪುಟ್ಟ ತುಣುಕು, ಮತ್ತೆ ಮೌನ. ಡಿಸ್ಕ್ ಕೆಟ್ಟಿದೆ ಎಂದು ಆಗಲೇ ತೆಗೆಯಬೇಡಿ.

‘ಅಮ್ನೀಸಿಯಾಕ್’ನಲ್ಲಿ ‘ಪಿರಮಿಡ್ ಸಾಂಗ್’ ಒಂದಿದ್ದರೂ ಸಾಕಿತ್ತು. ಪಿಯಾನೊ ಒಂಟಿಯಾಗಿ ನಡೆಯುವಾಗ ತಾಳ ಎಲ್ಲಿ ಬೀಳುತ್ತದೆ ಎಂದು ತಿಳಿಯುವುದೇ ಇಲ್ಲ. ಎರಡು ನಿಮಿಷ ದಾಟಿ ಸೆಲ್ವೇ ಡ್ರಮ್ಸ್ ಸೇರಿದಾಗ ಎಲ್ಲ ತಟ್ಟನೆ ಕೂತುಕೊಳ್ಳುತ್ತದೆ. ‘ಲೈಫ್ ಇನ್ ಎ ಗ್ಲಾಸ್‌ಹೌಸ್’ನಲ್ಲಿ ಹಂಫ್ರಿ ಲಿಟಲ್ಟನ್ ಅವರ ಜಾಜ್ ತಂಡ ನುಡಿಸಿದೆ. ‘ಲೈಕ್ ಸ್ಪಿನ್ನಿಂಗ್ ಪ್ಲೇಟ್ಸ್’ ಬೇರೊಂದು ಹಾಡಿನ ಟೇಪನ್ನು ಹಿಂದುಮುಂದಾಗಿ ಓಡಿಸಿ ಕಟ್ಟಿದ್ದು. ಇದು ಅರ್ಥವಾಗದೆ ಬಿಟ್ಟವರು 2001ರ ನವೆಂಬರ್‌ನಲ್ಲಿ ಬಂದ ‘ಐ ಮೈಟ್ ಬಿ ರಾಂಗ್: ಲೈವ್ ರೆಕಾರ್ಡಿಂಗ್ಸ್’ನಲ್ಲಿ ಇದೇ ಹಾಡನ್ನು ಪಿಯಾನೊ ಮೇಲೆ ಕೇಳಬೇಕು. ಒಳಗೆ ಎಂಥ ಮಟ್ಟು ಅಡಗಿತ್ತು ಅನ್ನುವುದು ಆಗ ಗೊತ್ತಾಗುತ್ತದೆ. ಆ ಎಂಟು ಹಾಡಿನ ಲೈವ್ ಡಿಸ್ಕ್ ಚಿಕ್ಕದು, ಆದರೆ ಈ ಎರಡು ಆಲ್ಬಮ್‌ಗಳ ಜೊತೆ ಇರಲೇಬೇಕಾದದ್ದು.

ಗಿಟಾರ್ ಬಿಟ್ಟು ಬರಲಾಗದವರು ‘ಅಮ್ನೀಸಿಯಾಕ್’ ಮೊದಲು ಹಾಕಬಹುದು: ‘ಐ ಮೈಟ್ ಬಿ ರಾಂಗ್’, ‘ನೈವ್ಸ್ ಔಟ್’ ಅಲ್ಲಿವೆ. ಎಲೆಕ್ಟ್ರಾನಿಕ್ ಸಂಗೀತದ ಕಡೆಯಿಂದ ಬರುವವರು ನೇರ ‘ಕಿಡ್ ಎ’ಗೆ ಹೋಗಲಿ.

ಇನ್ನು 2021ರ ನವೆಂಬರ್‌ನಲ್ಲಿ ಬಂದ ‘ಕಿಡ್ ಎ ಮ್ನೀಸಿಯಾ’. ಎರಡೂ ಆಲ್ಬಮ್ ಜೊತೆಗೆ ಅದೇ ಕಾಲದ ಉಳಿದ ಸಾಮಗ್ರಿಯ ಮೂರನೇ ಡಿಸ್ಕ್. ಅದರಲ್ಲಿ ಪೂರ್ತಿ ಹೊಸ ಹಾಡೆಂದರೆ ‘ಇಫ್ ಯು ಸೇ ದ ವರ್ಡ್’ ಮತ್ತು ಅಭಿಮಾನಿಗಳು ವರ್ಷಗಟ್ಟಲೆ ಕಾದಿದ್ದ ‘ಫಾಲೋ ಮಿ ಅರೌಂಡ್’. ಉಳಿದವು ಬೇರೆ ರೂಪಗಳು, ಬರೀ ತಂತಿವಾದ್ಯದ ಭಾಗಗಳು, ಚಿಕ್ಕ ತುಣುಕುಗಳು. ಎರಡು ಆಲ್ಬಮ್‌ಗಳೂ ಇಲ್ಲದವರಿಗೆ ಇದೇ ಒಳ್ಳೆಯ ಖರೀದಿ. ಈಗಾಗಲೇ ಎರಡೂ ಇದ್ದವರು ಮೂರನೇ ಡಿಸ್ಕನ್ನು ಸ್ಟ್ರೀಮಿಂಗ್‌ನಲ್ಲಿ ಕೇಳಿದರೆ ಸಾಕು. ‘ಕಟ್‌ಟೂತ್’, ‘ವರಿವರ್ಟ್’ ಮುಂತಾದ ಆ ಕಾಲದ ಬಿ-ಸೈಡ್ ಹಾಡುಗಳು (ಸಿಂಗಲ್‌ಗಳ ಜೊತೆ ಕೊಟ್ಟ ಹೆಚ್ಚುವರಿ ಹಾಡುಗಳು) ಈ ಮೂರು ಡಿಸ್ಕುಗಳಲ್ಲಿ ಇಲ್ಲ. ಅವುಗಳನ್ನು ಸೇರಿಸಿದ್ದು ಸೀಮಿತ ಸಂಖ್ಯೆಯ ಕ್ಯಾಸೆಟ್ ಆವೃತ್ತಿಗೆ ಮಾತ್ರ. ಅವುಗಳಿಗಾಗಿಯೇ ಈ ಸೆಟ್ ತರಿಸಿದರೆ ನಿರಾಸೆ ಖಂಡಿತ.

‘ಇನ್ ರೇನ್‌ಬೋಸ್’ನ ಮೂರು ರೂಪ

2007ರ ಅಕ್ಟೋಬರ್ 10ರಂದು ಈ ಆಲ್ಬಮ್ ಬ್ಯಾಂಡಿನ ಸ್ವಂತ ಜಾಲತಾಣದಲ್ಲಿ ಬಂತು. ಬೆಲೆ ಕೊಳ್ಳುವವರೇ ಬರೆಯಬೇಕು, ಸೊನ್ನೆ ಬರೆದರೂ ಸರಿ. ಇಎಂಐ ಒಪ್ಪಂದ ಮುಗಿದಿತ್ತು, ಹತ್ತು ದಿನ ಮುಂಚೆಯಷ್ಟೇ ಸುದ್ದಿ ಕೊಟ್ಟಿದ್ದರು. ಆಗ ಸಿಕ್ಕಿದ್ದು 160 ಕೆಬಿಪಿಎಸ್ ಬಿಟ್‌ರೇಟ್‌ನ (ಸೆಕೆಂಡಿಗೆ ಇಷ್ಟು ಮಾಹಿತಿ ಅನ್ನುವ ಲೆಕ್ಕ) ಎಂಪಿ3, ಹತ್ತು ಹಾಡು ಸೇರಿ ಸುಮಾರು 50 ಎಂಬಿ. ಅದೇ 42 ನಿಮಿಷ ಸಿಡಿ ಗುಣಮಟ್ಟದಲ್ಲಿ ಸುಮಾರು 450 ಎಂಬಿ. ಅಂದರೆ ಒಂಬತ್ತರಲ್ಲಿ ಎಂಟು ಪಾಲು ಮಾಹಿತಿ ಆ ಕಡತದಲ್ಲಿ ಇಲ್ಲ. ವ್ಯತ್ಯಾಸ ಬೇಸ್‌ನಲ್ಲಿ ಹುಡುಕಬೇಡಿ, ‘ರೆಕನರ್’ನ ಗಲಗಲದಲ್ಲಿ, ‘ವಿಯರ್ಡ್ ಫಿಶಸ್’ನ ಸಿಂಬಲ್‌ಗಳಲ್ಲಿ ಹುಡುಕಿ. ಕಡಿಮೆ ಬಿಟ್‌ರೇಟ್‌ನಲ್ಲಿ ಮೇಲಿನ ದನಿಗಳು ನೀರೊಳಗಿಂದ ಬಂದಂತೆ ಕಲಕಿರುತ್ತವೆ. 2007ರ ಆ ಫೈಲುಗಳು ಈಗಲೂ ಹಾರ್ಡ್ ಡಿಸ್ಕ್‌ನಲ್ಲಿದ್ದರೆ ಬದಲಾಯಿಸಿಕೊಳ್ಳಿ. ಅವನ್ನೇ ಫ್ಲ್ಯಾಕ್ ಎಂಬ, ಮಾಹಿತಿ ಕಳೆಯದ ಕಡತ ರೂಪಕ್ಕೆ ಪರಿವರ್ತಿಸಿದರೆ ಕಡತ ದೊಡ್ಡದಾಗುತ್ತದೆಯೇ ಹೊರತು ಹೋದದ್ದು ಮರಳುವುದಿಲ್ಲ.

ಎರಡನೆಯದು ಅದೇ ಡಿಸೆಂಬರ್ ಕೊನೆಗೆ ಎಕ್ಸ್ಎಲ್ ಕಂಪನಿ ಅಂಗಡಿಗೆ ತಂದ ಸಿಡಿ ಮತ್ತು ಒಂದು ತಟ್ಟೆಯ ಎಲ್‌ಪಿ. ಸಿಡಿಯನ್ನು ಜೋರಾಗಿ ಮಾಸ್ಟರ್ ಮಾಡಿದ್ದಾರೆ, ಅಂದರೆ ಕೊನೆಯ ಹಂತದಲ್ಲಿ ದನಿಯ ಮಟ್ಟ ಏರಿಸಿ ಹೊಂದಿಸಿದ್ದಾರೆ. ‘ಬಾಡಿಸ್ನ್ಯಾಚರ್ಸ್’ನಂಥ ಹಾಡಿನಲ್ಲಿ ಮೆದು ಮತ್ತು ಜೋರಿನ ಅಂತರ ಕಡಿಮೆ. ಆದರೂ ಹೆಚ್ಚಿನವರಿಗೆ ಇದೇ ಸಾಕು.

ಮೂರನೆಯದು ಆಗ 40 ಪೌಂಡಿಗೆ ಸಿಗುತ್ತಿದ್ದ ಡಿಸ್ಕ್‌ಬಾಕ್ಸ್: ನಿಮಿಷಕ್ಕೆ 45 ಸುತ್ತು ತಿರುಗಬೇಕಾದ ಎರಡು 12 ಇಂಚಿನ ತಟ್ಟೆ, ಸಿಡಿ, ಎಂಟು ಹೆಚ್ಚುವರಿ ಅಂಶಗಳ ಇನ್ನೊಂದು ಸಿಡಿ, ಚಿತ್ರ ಮತ್ತು ಸಾಹಿತ್ಯದ ಪುಸ್ತಕ. ಇದರ ತಟ್ಟೆಯನ್ನು ಅಭ್ಯಾಸಬಲದಿಂದ 33ಕ್ಕೆ ಇಟ್ಟರೆ ಯಾರ್ಕ್ ದನಿ ಗೊಗ್ಗರಾಗಿ ಎಳೆಯುತ್ತದೆ. ಪ್ಲೇಯರ್‌ನ ವೇಗದ ಗುಂಡಿ ನೋಡಿ. ಈಗ ಇದು ಸಂಗ್ರಾಹಕರ ಕೈಗಷ್ಟೇ ಸಿಗುವ ವಸ್ತು, ಅದರ ಬೆಲೆಯ ಹಿಂದೆ ಓಡುವುದು ಬೇಡ. ಮುಖ್ಯವಾದ ಎರಡನೇ ಡಿಸ್ಕ್ ಸ್ಟ್ರೀಮಿಂಗ್‌ನಲ್ಲೇ ಇದೆ. ‘ಡೌನ್ ಈಸ್ ದ ನ್ಯೂ ಅಪ್’, ‘ಗೋ ಸ್ಲೋಲಿ’, ‘ಲಾಸ್ಟ್ ಫ್ಲವರ್ಸ್’, ‘4 ಮಿನಿಟ್ ವಾರ್ನಿಂಗ್’ ಮೂಲ ಆಲ್ಬಮ್‌ಗೆ ಸೇರಿಸಬಹುದಾಗಿದ್ದಷ್ಟು ಒಳ್ಳೆಯ ಹಾಡುಗಳು. ‘ಇನ್ ರೇನ್‌ಬೋಸ್’ ಹಿಡಿಸಿದವರು ಬೇರೆ ಆಲ್ಬಮ್‌ಗೆ ಹೋಗುವ ಮುಂಚೆ ಇದನ್ನು ಕೇಳಿ.

‘ಓಕೆ ಕಂಪ್ಯೂಟರ್’: 1997 ಅಥವಾ 2017

2017ರ ಜೂನ್‌ನಲ್ಲಿ ಇಪ್ಪತ್ತು ವರ್ಷದ ನೆನಪಿಗೆ ‘ಓಕೆನಾಟ್‌ಓಕೆ’ ಬಂತು. ಮೂಲ ಟೇಪ್‌ಗಳಿಂದ ಮತ್ತೆ ಮಾಸ್ಟರ್ ಮಾಡಿದ 12 ಹಾಡು, ಜೊತೆಗೆ 11: ಆ ಕಾಲದ ಎಂಟು ಬಿ-ಸೈಡ್, ಅಲ್ಲಿಯವರೆಗೆ ಅಧಿಕೃತವಾಗಿ ಬಾರದಿದ್ದ ‘ಐ ಪ್ರಾಮಿಸ್’, ‘ಮ್ಯಾನ್ ಆಫ್ ವಾರ್’, ‘ಲಿಫ್ಟ್’. ಇಲ್ಲಿ ನಮಗೆ ಅನುಮಾನವೇ ಇಲ್ಲ, ಹೊಸದಾಗಿ ಕೊಳ್ಳುವವರು ಇದನ್ನೇ ಕೊಳ್ಳಿ. ‘ಪಾಲೊ ಆಲ್ಟೊ’, ‘ಪಾಲಿಎಥಿಲೀನ್’, ‘ಹೌ ಐ ಮೇಡ್ ಮೈ ಮಿಲಿಯನ್ಸ್’ ಒಂದೇ ಕಡೆ ಸಿಗುತ್ತವೆ. ಹಿಂದೆ ಇವುಗಳಿಗಾಗಿ ಸಿಂಗಲ್‌ಗಳನ್ನೂ 1998ರ ‘ಏರ್‌ಬ್ಯಾಗ್ / ಹೌ ಆಮ್ ಐ ಡ್ರೈವಿಂಗ್?’ ಇಪಿಯನ್ನೂ ಹುಡುಕಬೇಕಿತ್ತು. 1997ರ ಸಿಡಿ ಮನೆಯಲ್ಲಿದ್ದರೆ ಎಸೆಯಬೇಡಿ, ಅದರ ದನಿಯಲ್ಲಿ ಕೊರತೆಯೇನಿಲ್ಲ.

ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಎರಡು ಸಿಡಿ, ಒಂದು ಡಿವಿಡಿ ಇರುವ ‘ಕಲೆಕ್ಟರ್ಸ್ ಎಡಿಷನ್’ ಪೆಟ್ಟಿಗೆಗಳು ಸಿಗುತ್ತವೆ. ಮೊದಲ ಆರು ಆಲ್ಬಮ್‌ಗಳಿಗೆ 2009ರಲ್ಲಿ ಹಳೆಯ ಕಂಪನಿ ಇಎಂಐ ಹೊರತಂದದ್ದು, ಬ್ಯಾಂಡಿನ ಪಾಲುದಾರಿಕೆ ಇಲ್ಲದೆ. ಮಾಸ್ಟರಿಂಗ್ ಹಳೆಯದೇ. ಆದರೆ ಬಿ-ಸೈಡ್‌ಗಳು ತುಂಬಿವೆ, ಅದರಲ್ಲೂ ‘ದ ಬೆಂಡ್ಸ್’ನ ಎರಡನೇ ಸಿಡಿ ಅಮೂಲ್ಯ. 2016ರಲ್ಲಿ ಹಳೆಯ ಆಲ್ಬಮ್‌ಗಳ ಹಕ್ಕು ಎಕ್ಸ್ಎಲ್‌ಗೆ ಬಂದ ಮೇಲೆ ಇವು ನಿಂತುಹೋದವು. ಒಳ್ಳೆಯ ಸ್ಥಿತಿಯಲ್ಲಿ, ನ್ಯಾಯವಾದ ಬೆಲೆಗೆ ಸಿಕ್ಕರೆ ಬಿಡಬೇಡಿ.

‘ಹೇಲ್ ಟು ದ ಥೀಫ್’: ಹದಿನಾಲ್ಕು ಹೆಚ್ಚಾಯಿತು

2003ರ ಈ ಆಲ್ಬಮ್‌ನ ಹೆಚ್ಚಿನ ಪಾಲನ್ನು ಲಾಸ್ ಏಂಜಲೀಸ್‌ನಲ್ಲಿ ಎರಡು ವಾರದಲ್ಲಿ ಮುಗಿಸಿದರು. ಆ ಬಿರುಸು ‘2+2=5’, ‘ದೇರ್ ದೇರ್’, ‘ಮಿಕ್ಸೊಮಟೋಸಿಸ್’ನಲ್ಲಿ ಕೇಳುತ್ತದೆ. ಆದರೆ 14 ಹಾಡು, 56 ನಿಮಿಷ, ನಡುವೆ ಸೊರಗುತ್ತದೆ. ಯಾರ್ಕ್ ಅವರಿಗೂ ಹಾಗೇ ಅನ್ನಿಸಿರಬೇಕು, 2008ರಲ್ಲಿ ಹತ್ತು ಹಾಡಿನ ಬೇರೆ ಕ್ರಮ ಪ್ರಕಟಿಸಿದರು. ಅದನ್ನೇ ಪ್ಲೇಲಿಸ್ಟ್ ಮಾಡಿಕೊಳ್ಳಿ: ‘ದೇರ್ ದೇರ್’, ‘ದ ಗ್ಲೋಮಿಂಗ್’, ‘ಸೇಲ್ ಟು ದ ಮೂನ್’, ‘ಸಿಟ್ ಡೌನ್ ಸ್ಟ್ಯಾಂಡ್ ಅಪ್’, ‘ಗೋ ಟು ಸ್ಲೀಪ್’, ‘ವೇರ್ ಐ ಎಂಡ್ ಅಂಡ್ ಯು ಬಿಗಿನ್’, ‘ಸ್ಕ್ಯಾಟರ್‌ಬ್ರೇನ್’, ‘2+2=5’, ‘ಮಿಕ್ಸೊಮಟೋಸಿಸ್’, ‘ಎ ವುಲ್ಫ್ ಅಟ್ ದ ಡೋರ್’. ಬಿಟ್ಟವುಗಳಲ್ಲಿ ‘ಎ ಪಂಚಪ್ ಅಟ್ ಎ ವೆಡ್ಡಿಂಗ್’ಗೆ ನಾವು ಮತ್ತೆ ಜಾಗ ಕೊಡುತ್ತೇವೆ, ಅದರ ಪಿಯಾನೊ ಮತ್ತು ಬೇಸ್‌ನ ಓಲಾಟಕ್ಕಾಗಿ.

ಹಳೆಯ ಸಿಡಿ ಕೊಳ್ಳುವಾಗ ಹಿಂಬದಿಯಲ್ಲಿ ‘ಕಾಪಿ ಕಂಟ್ರೋಲ್’ ಗುರುತಿದೆಯೇ ನೋಡಿ. ಕೆಲವು ದೇಶಗಳ ಮುದ್ರಣದಲ್ಲಿ ನಕಲು ತಡೆಯುವ ವ್ಯವಸ್ಥೆ ಹಾಕಿದ್ದರು. ಕೆಲವು ಪ್ಲೇಯರ್‌ಗಳಲ್ಲಿ ಆ ಡಿಸ್ಕ್ ಓಡುವುದೇ ಇಲ್ಲ, ಕಂಪ್ಯೂಟರ್‌ಗೆ ತೆಗೆದುಕೊಳ್ಳುವಾಗಲೂ ತಕರಾರು. ಬಿಡುಗಡೆಗೆ ಸುಮಾರು ಹತ್ತು ವಾರ ಮುಂಚೆ ಪೂರ್ತಿಯಾಗದ ರೂಪವೊಂದು ಅಂತರ್ಜಾಲಕ್ಕೆ ಸೋರಿತ್ತು. ಅಂದಿನ ಎಂಪಿ3 ಯಾರಿಂದಲೋ ಬಂದದ್ದು ನಿಮ್ಮಲ್ಲಿದ್ದರೆ ಅದು ಮಾಸ್ಟರಿಂಗ್ ಆಗದ ಆ ರೂಪ ಇರಬಹುದು. 2025ರಲ್ಲಿ ಹೊರಬಂದ 2003ರಿಂದ 2009ರವರೆಗಿನ ಲೈವ್ ಧ್ವನಿಮುದ್ರಣಗಳ ಆಲ್ಬಮ್ ಈ ಹಾಡುಗಳಿಗೆ ಒಪ್ಪುವ ಕಸುವು ಕೊಟ್ಟಿದೆ. ಸ್ಟುಡಿಯೊ ರೂಪ ಸಪ್ಪೆ ಅನ್ನಿಸಿದವರು ಅದನ್ನು ಆರಿಸಿ.

‘ದ ಕಿಂಗ್ ಆಫ್ ಲಿಂಬ್ಸ್’: ನೆಲಮಾಳಿಗೆಯ ರೂಪ ಸಾಕು

2011ರ ಈ ಎಂಟು ಹಾಡು, 37 ನಿಮಿಷ, ನುಡಿಸಿದ್ದನ್ನು ತುಂಡು ಮಾಡಿ ಸುತ್ತಿಸುತ್ತ ಕಟ್ಟಿದವು. ‘ಬ್ಲೂಮ್’, ‘ಲೋಟಸ್ ಫ್ಲವರ್’, ‘ಕೋಡೆಕ್ಸ್’ ಗಟ್ಟಿ ಹಾಡುಗಳು. ತಾಳ ಮಾತ್ರ ಡಿಸ್ಕಿನಲ್ಲಿ ಒಣಗಿದಂತೆ ಕೇಳುತ್ತದೆ. ಅದೇ ವರ್ಷದ ‘ಲೈವ್ ಫ್ರಂ ದ ಬೇಸ್‌ಮೆಂಟ್’ನಲ್ಲಿ ಪೋರ್ಟಿಸ್‌ಹೆಡ್ ಎಂಬ ಬ್ಯಾಂಡ್ ಜೊತೆ ನುಡಿಸುವ ಕ್ಲೈವ್ ಡೀಮರ್ ಎರಡನೇ ಡ್ರಮ್ಮರ್ ಆಗಿ ಸೇರಿದ್ದಾರೆ. ಇಬ್ಬರ ಕೈಯಲ್ಲಿ ‘ಬ್ಲೂಮ್’ ಉಸಿರಾಡುತ್ತದೆ. ಜೊತೆಗೆ ಆಲ್ಬಮ್‌ನಲ್ಲಿಲ್ಲದ ‘ದ ಡೇಲಿ ಮೇಲ್’, ‘ಸ್ಟೇರ್‌ಕೇಸ್’ ಇವೆ. ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ಈ ಲೈವ್ ರೂಪ. ರೀಮಿಕ್ಸ್‌ಗಳ ಎರಡು ಡಿಸ್ಕಿನ ಸಂಕಲನ ಆ ಬಗೆಯ ಸಂಗೀತ ಕೇಳುವವರಿಗಷ್ಟೇ.

‘ಎ ಮೂನ್ ಶೇಪ್ಡ್ ಪೂಲ್’

2016ರ ಮೇ ತಿಂಗಳಲ್ಲಿ ಬಂದದ್ದು, 11 ಹಾಡು, ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲೇ ಜೋಡಿಸಿದ್ದಾರೆ. ದಕ್ಷಿಣ ಫ್ರಾನ್ಸಿನ ಲಾ ಫಾಬ್ರೀಕ್ ಸ್ಟುಡಿಯೊದ ಧ್ವನಿಮುದ್ರಣ, ಲಂಡನ್ ಕಂಟೆಂಪರರಿ ಆರ್ಕೆಸ್ಟ್ರಾದ ತಂತಿವಾದ್ಯ. ‘ಬರ್ನ್ ದ ವಿಚ್’ನಲ್ಲಿ ಆ ವಾದಕರು ಬಿಲ್ಲಿನ ಬದಲು ಗಿಟಾರ್ ಪಿಕ್‌ನಿಂದ ತಂತಿ ಬಾರಿಸಿದ್ದಾರೆ, ಅದಕ್ಕೇ ಆ ಚುರುಕು. ಕೊನೆಯ ‘ಟ್ರೂ ಲವ್ ವೇಟ್ಸ್’ 1995ರಿಂದ ವೇದಿಕೆಯಲ್ಲಿದ್ದ ಹಾಡು. ಮೇಲೆ ಹೇಳಿದ 2001ರ ಲೈವ್ ಡಿಸ್ಕ್‌ನಲ್ಲಿ ಅದು ಒಂಟಿ ಗಿಟಾರ್‌ನ ಮೇಲೆ ಇದೆ, ಇಲ್ಲಿ ಪಿಯಾನೊಗಳ ಪದರದಲ್ಲಿ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ: ಮೊದಲನೆಯದರಲ್ಲಿ ಬೇಡಿಕೊಳ್ಳುತ್ತಿದ್ದ ದನಿ ಇದರಲ್ಲಿ ಆಸೆ ಬಿಟ್ಟಂತಿದೆ. ‘ಇನ್ ರೇನ್‌ಬೋಸ್’ನ ಮೆದು ಹಾಡುಗಳು ಹಿಡಿಸಿದವರಿಗೆ ಇದೇ ಎರಡನೇ ಆಲ್ಬಮ್ ಆಗಬೇಕು. ವಿಶೇಷ ಆವೃತ್ತಿಯಲ್ಲಿ ಹೆಚ್ಚುವರಿ ಹಾಡು ಎರಡೇ, ‘ಇಲ್ ವಿಂಡ್’ ಮತ್ತು ‘ಸ್ಪೆಕ್ಟರ್’. ಪೆಟ್ಟಿಗೆಯ ಅಂದಕ್ಕಾಗಿ ಕೊಳ್ಳುವುದಾದರೆ ಸರಿ, ಸಂಗೀತಕ್ಕೆ ಸಾಮಾನ್ಯ ಸಿಡಿ ಸಾಕು.

ಬೇಡವಾದ್ದು, ಆಮೇಲೆ ಬೇಕಾದ್ದು

2008ರ ‘ದ ಬೆಸ್ಟ್ ಆಫ್’ ಕೊಳ್ಳಬೇಡಿ. ಬ್ಯಾಂಡ್ ಇಲ್ಲದೆ ಹಳೆಯ ಕಂಪನಿ ಮಾಡಿದ್ದು, ಹಕ್ಕು ಬೇರೆಯವರದ್ದಾದ್ದರಿಂದ ‘ಇನ್ ರೇನ್‌ಬೋಸ್’ನ ಒಂದು ಹಾಡೂ ಇಲ್ಲ. 2019ರಲ್ಲಿ ಸಂಗೀತ ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣದಲ್ಲಿ 18 ಪೌಂಡಿಗೆ ಬಂದ ‘ಮಿನಿಡಿಸ್ಕ್ಸ್’ 16 ಗಂಟೆಗೂ ಮೀರಿದ ‘ಓಕೆ ಕಂಪ್ಯೂಟರ್’ ಕಾಲದ ಕರಡುಗಳು. ಕದ್ದು ಸೋರಿಹೋದ ಮೇಲೆ ಬ್ಯಾಂಡ್ ತಾನೇ ಬಿಡುಗಡೆ ಮಾಡಿತು. ಒಂದು ಹಾಡು ಹೇಗೆ ಬೆಳೆಯುತ್ತದೆ ಎಂದು ನೋಡುವ ಆಸಕ್ತಿ ಇದ್ದವರಿಗೆ ಚಿನ್ನ, ಉಳಿದವರಿಗೆ ದಣಿವು. 2020ರ ಜನವರಿಯಲ್ಲಿ ತೆರೆದ ‘ರೇಡಿಯೊಹೆಡ್ ಪಬ್ಲಿಕ್ ಲೈಬ್ರರಿ’ ಜಾಲತಾಣದಲ್ಲಿ ವಿಡಿಯೊ, ಕಛೇರಿಗಳು ಆಲ್ಬಮ್‌ವಾರು ಸಿಗುತ್ತವೆ, ದುಡ್ಡಿಲ್ಲದೆ.

ಒಂಬತ್ತೂ ಮುಗಿದ ಮೇಲೆ ಯಾರ್ಕ್ ಮತ್ತು ಜಾನಿ ಗ್ರೀನ್‌ವುಡ್ ಡ್ರಮ್ಮರ್ ಟಾಮ್ ಸ್ಕಿನ್ನರ್ ಜೊತೆ ಕಟ್ಟಿದ ‘ದ ಸ್ಮೈಲ್’ ತಂಡದ 2022ರ ಮೊದಲ ಆಲ್ಬಮ್‌ಗೆ ಹೋಗಿ. ಅದಕ್ಕಿಂತಲೂ ಮುಂಚೆ 2015ರ ‘ಜುನೂನ್’ ಹಾಕಿದರೂ ತಪ್ಪಿಲ್ಲ. ಜೋಧಪುರದ ಮೆಹರಾನ್‌ಗಢ ಕೋಟೆಯಲ್ಲಿ ಇಸ್ರೇಲಿನ ಸಂಗೀತಗಾರ ಶೈ ಬೆನ್ ಸುರ್ ಮತ್ತು ‘ರಾಜಸ್ಥಾನ್ ಎಕ್ಸ್‌ಪ್ರೆಸ್’ ವಾದಕರ ಜೊತೆ ಜಾನಿ ನುಡಿಸಿದ್ದು ಅದು, ಧ್ವನಿಮುದ್ರಣ ಮಾಡಿದವರು ಅದೇ ಗಾಡ್ರಿಚ್. ಅದರಲ್ಲಿ ಜಾನಿ ಎದುರಿಗೆ ಬರುವುದೇ ಅಪರೂಪ. ಕವಾಲಿ ಹಾಡುವವರಿಗೆ, ಹಿತ್ತಾಳೆಯ ಊದುವಾದ್ಯದವರಿಗೆ ಜಾಗ ಬಿಟ್ಟು, ಗಿಟಾರ್, ಬೇಸ್ ಹಿಡಿದು ಹಿಂದೆ ಕೂತಿದ್ದಾರೆ.